ಅಕ್ಕ ಮೈನಸ್ 12 ಗಂಟೆ ದುಡಿದಳು: ನರ್ಸ್‌ಗಳಿಗಾಗಿ ಒಂದು ಆ್ಯಪ್ ಕಟ್ಟಿದ ಡೈರಿ

ಡೊಂಬಿವಲಿ ಪೂರ್ವ (ಮುಂಬಯಿ ಹತ್ತಿರ), ಅಕ್ಟೋಬರ್ 12, 2025

ನರ್ಸ್‌ಗಳ ಒತ್ತಡ ಇಳಿಸಲು ನಾನು ಕಟ್ಟಿದ ಆ್ಯಪ್ ಇನ್ನೂ ಪ್ಲೇ ಸ್ಟೋರ್‌ಗೆ ಬಂದಿಲ್ಲ. ಅರ್ಜಿ ಹಾಕಿ ಮೂರು ದಿನ ಆಯ್ತು, ಕಾಯ್ತಾ ಕೂತಿದ್ದೇನೆ. ಕೈ ಖಾಲಿ ಇರುವಾಗಲೇ ಎಲ್ಲ ಬರೆದಿಡೋಣ ಅಂತ ಕೂತೆ. ಆಮೇಲೆ ನನಗೇ ಮರೆತುಹೋಗುತ್ತದೆ.

ನಾನು ಡಿಸೈನರ್. ಹಗಲು ಠಾಣೆಯ ಒಂದು ಕಂಪನಿಗೆ ಸ್ಕ್ರೀನ್ ಬಿಡಿಸುವ ಕೆಲಸ. ಕೋಡ್ ಅಷ್ಟಕ್ಕಷ್ಟೆ, ಆ್ಯಪ್ ಕಟ್ಟುವ ಫ್ಲಟರ್ ಎಂಬ ಸಾಧನ ಕಲಿತದ್ದೇ ಇದಕ್ಕಾಗಿ. ಅಕ್ಕ ಮುಲುಂಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, 11 ವರ್ಷ ಆಯ್ತು. ಊರು ಉಡುಪಿ ಹತ್ತಿರ. ಅಕ್ಕ-ಭಾವನ ಮನೆಯಲ್ಲೇ ನನ್ನ ವಾಸ. ಹಾಗಾಗಿ ಟೆಸ್ಟಿಂಗ್‌ಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಬೈಗುಳಕ್ಕೂ.

ಮೇ 27: ಕೀಲಿ

ನೈಟ್ ಮುಗಿಸಿ ಅಕ್ಕ ಬೆಳಿಗ್ಗೆ ಮನೆಗೆ ಬಂದಳು. ಯೂನಿಫಾರ್ಮ್ ಬಕೆಟ್‌ಗೆ ಹಾಕಿ, ಸರ್ಫ್ ಹಾಕಿ, ಚಾ ಇಟ್ಟಳು. 10:20ಕ್ಕೆ ವಾರ್ಡ್‌ನಿಂದ ಫೋನ್. ನಾರ್ಕೋಟಿಕ್ ಕಪಾಟಿನ (ಬೀಗ ಹಾಕಿಡುವ ಮತ್ತಿನ ಔಷಧಿಗಳದ್ದು) ಕೀಲಿ ಎಲ್ಲಿ? ಬಕೆಟ್‌ಗೆ ಕೈ ಹಾಕಿದರೆ ನೊರೆಯೊಳಗೆ ಜೇಬು, ಜೇಬಿನೊಳಗೆ ಕೀಲಿ.

ಮತ್ತೆ ಮುಲುಂಡ್‌ಗೆ ಹೋಗಿ ಕೊಟ್ಟು ಬಂದಳು. ಮಲಗಿದ್ದು ಮಧ್ಯಾಹ್ನ ಮೂರಕ್ಕೆ, ಎದ್ದದ್ದು ಆರಕ್ಕೆ, ಎಂಟಕ್ಕೆ ಮತ್ತೆ ನೈಟ್. ಅದೂ ಹೋಗಲಿ. ಅದಾದ ಮೇಲೆ ಒಂದು ತಿಂಗಳು ಅವಳು ಮಲಗಿದವಳು ಎದ್ದು ಕೂರುವಳು. ಕೀಲಿ ಕೊಟ್ಟೆನಾ? ಚಾರ್ಟ್‌ಗೆ ಸಹಿ ಹಾಕಿದೆನಾ? ಆ ಬೆಡ್‌ನ ರಿಪೋರ್ಟ್ ಬಾಕಿ ಉಂಟು ಅಂತ ಓವರ್‌ನಲ್ಲಿ ಹೇಳಿದೆನಾ? ವಾರ್ಡ್‌ಗೆ ಫೋನ್ ಮಾಡುವಳು. ಆ ಕಡೆಯವರು "ಎಲ್ಲ ಸರಿ ಉಂಟು ಸಿಸ್ಟರ್, ಮಲಗಿ" ಅನ್ನುವರು. ಇವಳಿಗೆ ನಿದ್ದೆ ಹೋಗಿರುತ್ತಿತ್ತು.

ಓವರ್ ಅಂದರೆ ಹ್ಯಾಂಡಿಂಗ್ ಓವರ್. ಡ್ಯೂಟಿ ಮುಗಿದಾಗ ಮುಂದಿನ ಸಿಸ್ಟರ್‌ಗೆ ಎಲ್ಲ ಹೇಳಿ ಒಪ್ಪಿಸುವುದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಎರಡು ತಿಂಗಳು ಇಟ್ಟುಕೊಳ್ಳಲಿಲ್ಲ, ಅದೇ ಆದ ತಪ್ಪು.

ಜೂನ್ 8ರಿಂದ 26: ಮೊದಲ ಡಿಸೈನ್, ಪೂರ್ತಿ ಕಸ

ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾದ ಫ್ರೀ ಪ್ಲ್ಯಾನ್‌ನಲ್ಲಿ 23 ಸ್ಕ್ರೀನ್ ಬಿಡಿಸಿದೆ. ಎರಡು ವೀಕೆಂಡ್ ಹೋಯಿತು. ಏನೇನಿತ್ತು ಅಂದರೆ, ದಿನದ ಮೂಡ್‌ಗೆ ಐದು ಮುಖ, 10 ಪ್ರಶ್ನೆಯ ಒತ್ತಡದ ಅಳತೆ, ಉಸಿರಾಟ, ಮಳೆ ಸದ್ದು, ದಿನಕ್ಕೊಂದು ಒಳ್ಳೆ ಮಾತು. ಬಣ್ಣ ತಿಳಿ ನೇರಳೆ. ಹೆಸರು 'ಮನಃಶಾಂತಿ'. ಈಗ ಬರೆಯುವಾಗಲೂ ನಾಚಿಕೆ ಆಗುತ್ತದೆ.

10 ಪ್ರಶ್ನೆ ನನ್ನದಲ್ಲ. ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ಅಳತೆಯ ಚಿಕ್ಕ ರೂಪ ಅದು, ಎಲ್ಲ ಕಡೆ ಬಳಸುತ್ತಾರೆ. ಅಳತೆಯಲ್ಲಿ ತಪ್ಪಿಲ್ಲ. ಅದನ್ನು ತಂದು ಇಟ್ಟ ಜಾಗ ತಪ್ಪು.

22ರ ಭಾನುವಾರ ಐದು ಜನ ಸಿಸ್ಟರ್‌ಗಳು ಮನೆಗೆ ಬಂದರು. ಅಕ್ಕ ನೀರ್ ದೋಸೆ ಮಾಡಿದಳು. ಎಲ್ಲರ ಫೋನ್‌ಗೂ ಪ್ರೊಟೊಟೈಪ್ ಹಾಕಿ ಕೊಟ್ಟೆ, ನಾಲ್ಕು ದಿನ ನೋಡಿ ಅಂದೆ. ಮೊದಲ ದಿನ ನಾಲ್ವರು ಮುಟ್ಟಿದರು. ಎರಡನೇ ದಿನ ಇಬ್ಬರು. ನಾಲ್ಕನೇ ದಿನ ಯಾರೂ ಇಲ್ಲ.

ಅಕ್ಕ ಹೇಳಿದ್ದು: "ಇಡೀ ದಿನ ಪೇಷಂಟ್‌ನ ಪೇನ್ ಸ್ಕೋರ್ ಬರೀತೇನೆ. ಮನೆಗೆ ಬಂದು ನನ್ನದೂ ಬರೀಬೇಕಾ ಮಾರಾಯ?"

ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರು), ಐಓ ಚಾರ್ಟ್ (ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ), ಇಂಜೆಕ್ಷನ್ ಶೀಟ್ ಅಂತ ದಿನವಿಡೀ ಗೆರೆ ಎಳೆದ ಹಾಳೆ ತುಂಬುವವರಿಗೆ ನಾನು ಇನ್ನೊಂದು ಹಾಳೆ ಕೊಟ್ಟಿದ್ದೆ. ನೇರಳೆ ಬಣ್ಣದ್ದು.

ಹೆಸರಿನ ಬಗ್ಗೆ ಕಲಬುರಗಿಯ ಸಿಸ್ಟರ್ ಒಬ್ಬರು ನಗುತ್ತಲೇ ಹೇಳಿದರು, "ಮನಃಶಾಂತಿ ಅಂತ ಫೋನಿನ್ಯಾಗ ಕಂಡ್ರ ನಮ್ಮತ್ತಿ ಏನಂತಾರ್ರಿ? ಈಕಿಗಿ ತಲಿ ಕೆಟ್ಟದ ಅಂತಾರ." ಆ ರಾತ್ರಿಯೇ ಹೆಸರು ಅಳಿಸಿದೆ.

ಇನ್ನೊಂದು ವಿಷಯ ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ಆ ನಾಲ್ಕು ದಿನಗಳಲ್ಲಿ ಒಂದು ದಿನ ಅಕ್ಕನ ವಾರ್ಡ್‌ನಲ್ಲಿ ಒಬ್ಬರು ತೀರಿಕೊಂಡಿದ್ದರು. ಮೂರು ವಾರದಿಂದ ಇದ್ದ ಅಜ್ಜಿ. ಅಕ್ಕ ಲಾಕರ್ ತೆಗೆದು ಫೋನ್ ನೋಡಿದರೆ ನನ್ನ ಆ್ಯಪ್‌ನ ದಿನದ ಮಾತು: "ನೀವು ಇಂದು ಒಂದು ಜೀವಕ್ಕೆ ಬೆಳಕಾದಿರಿ." ಅವಳು ಫೋನ್ ಮಗುಚಿ ಇಟ್ಟಳಂತೆ. ನನಗೆ ಹೇಳಲಿಲ್ಲ. ಭಾವ ಹೇಳಿದರು. ಆ ಸಾಲು ನಾನೇ ಬರೆದದ್ದು, ಆಫೀಸ್‌ನಲ್ಲಿ ಊಟದ ಹೊತ್ತಲ್ಲಿ, ಐದು ನಿಮಿಷದಲ್ಲಿ ಹತ್ತು ಸಾಲು ಅಂತ. ಈಗ ಆ್ಯಪ್‌ನಲ್ಲಿ ಒಳ್ಳೆ ಮಾತು ಒಂದೂ ಇಲ್ಲ.

ಜೂನ್ 29: ಚೀಟಿ

ಇನ್ನು ಡಿಸೈನ್ ಬೇಡ, ಮೊದಲು ನೋಡೋಣ ಅಂದುಕೊಂಡೆ. ಅಕ್ಕನ ಜೇಬಿನಲ್ಲಿ ಏನಿರುತ್ತದೆ ಅಂತ ಕೇಳಿದೆ. ಎರಡು ಪೆನ್ನು, ಒಂದು ಕತ್ತರಿ, ಮೈಕ್ರೋಪೋರ್ ಟೇಪ್‌ನ ಸುರುಳಿ, ನಾಲ್ಕು ಮಡಿಕೆಯ ಒಂದು ಚೀಟಿ. ಚೀಟಿಯಲ್ಲಿ ಬೆಡ್ ನಂಬರು, ಪಕ್ಕದಲ್ಲಿ ಕೆಲಸ, ಮುಗಿದದ್ದಕ್ಕೆ ಗೀಟು. ಡ್ಯೂಟಿ ಬಿಡುವಾಗ ಚೂರು ಮಾಡಿ ಡಬ್ಬಕ್ಕೆ ಹಾಕಿ ಬರುತ್ತಾಳೆ.

ಸಿಕ್ಕಿತು ಅಂದುಕೊಂಡೆ. ಚೀಟಿಯನ್ನೇ ಆ್ಯಪ್ ಮಾಡಿಬಿಟ್ಟರಾಯ್ತು! ಮೂರು ಸಂಜೆ ಕೂತು ಚಂದದ ಒಂದು ಪಟ್ಟಿ ಮಾಡಿ ತೋರಿಸಿದೆ.

"ಬೆಡ್ ನಂಬರ್, ಕಾಯಿಲೆ ಎಲ್ಲ ಬರೆದ ಫೋನ್ ಮನೆಗೆ ತರೋದಾ? ತಲೆ ಸರಿ ಉಂಟಾ ನಿನಗೆ?"

ಪೇಷಂಟ್‌ನ ವಿಷಯ ನರ್ಸ್‌ನ ಸ್ವಂತ ಫೋನ್‌ನಲ್ಲಿ ಇರಬಾರದು. ಇದು ನನಗೇ ಹೊಳೆಯಬೇಕಿತ್ತು. ಮೇಲಾಗಿ ಅವರ ವಾರ್ಡ್‌ನಲ್ಲಿ ಡ್ಯೂಟಿ ಹೊತ್ತು ಫೋನ್ ಲಾಕರ್‌ನಲ್ಲಿ. ಅಂದರೆ ಡ್ಯೂಟಿ ಮುಗಿಯುವ ತನಕ ನನ್ನ ಆ್ಯಪ್ ಕಬ್ಬಿಣದ ಪೆಟ್ಟಿಗೆಯೊಳಗೆ. ಉಳಿದದ್ದು ಎರಡು ತುದಿ. ಲಾಕರ್ ತೆಗೆದ ಎರಡು ನಿಮಿಷ, ಆಮೇಲೆ ಲೋಕಲ್ ರೈಲು ಮತ್ತು ಮನೆ. ಈ ಒಂದು ಸಂಗತಿ ಗೊತ್ತಾದ ಮೇಲೆ 23 ಸ್ಕ್ರೀನ್ 5ಕ್ಕೆ ಇಳಿಯಿತು.

ಜುಲೈ 5ರಿಂದ 20: ರೋಸ್ಟರ್

ಮೊದಲು ಕ್ಯಾಲೆಂಡರ್ ಮಾಡಿದೆ. ತಿಂಗಳ ಕೊನೆಗೆ ವಾಟ್ಸಾಪ್ ಗ್ರೂಪ್‌ಗೆ ರೋಸ್ಟರ್‌ನ (ಡ್ಯೂಟಿ ಪಟ್ಟಿಯ) ಫೋಟೋ ಬರುತ್ತದೆ. ಕೈಬರಹ, ಎಂ, ಇ, ಎನ್, ಓ ಅಂತ ಅಕ್ಷರ (ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ರಜೆ), ಅಲ್ಲಲ್ಲಿ ವೈಟ್ನರ್. ಫೋಟೋದಿಂದ ಅಕ್ಷರ ತಾನೇ ಓದಿಕೊಳ್ಳುವಂತೆ ಮಾಡುತ್ತೇನೆ ಅಂತ ನಾಲ್ಕು ಸಂಜೆ ಹಾಳು ಮಾಡಿದೆ. ಎಂ ಮತ್ತು ಎನ್ ಅದಲು ಬದಲು. ಬೆಳಿಗ್ಗೆಯ ಡ್ಯೂಟಿ ರಾತ್ರಿ, ರಾತ್ರಿಯದ್ದು ಬೆಳಿಗ್ಗೆ. ಬಿಟ್ಟೆ.

ಕೊನೆಗೆ ಸುಮ್ನೆ 30 ಚೌಕ ಇಟ್ಟೆ. ಮುಟ್ಟಿದರೆ ಬೆಳಿಗ್ಗೆ, ಮತ್ತೆ ಮುಟ್ಟಿದರೆ ಮಧ್ಯಾಹ್ನ, ಮತ್ತೆ ರಾತ್ರಿ, ಮತ್ತೆ ರಜೆ. ಗಡಿಯಾರ ಹಿಡಿದು ನೋಡಿದೆ. ಅಕ್ಕ ಇಡೀ ತಿಂಗಳು ತುಂಬಲು 48 ಸೆಕೆಂಡ್, ಕಲಬುರಗಿಯ ಸಿಸ್ಟರ್ 35. ಸಾಕು ಅಲ್ವಾ?

ಮುಗಿದ ಗಂಟೆಯಿಂದ ಶುರುವಿನ ಗಂಟೆ ಕಳೆದರೆ ದುಡಿದ ಗಂಟೆ, ಅಷ್ಟೇ ತಾನೇ ಅಂತ ಕೋಡ್ ಬರೆದೆ. ಬೆಳಿಗ್ಗೆ 8, ಮಧ್ಯಾಹ್ನ 2: ಆರು ಗಂಟೆ, ಸರಿ. ರಾತ್ರಿ 20ಕ್ಕೆ ಶುರು, ಬೆಳಿಗ್ಗೆ 8ಕ್ಕೆ ಮುಗಿವು: 8ರಲ್ಲಿ 20 ಕಳೆದರೆ ಮೈನಸ್ 12. ಅಕ್ಕ ನೈಟ್ ಮುಗಿಸಿ ಬಂದು ಆ್ಯಪ್ ತೆಗೆದರೆ ದೊಡ್ಡ ಅಕ್ಷರದಲ್ಲಿ "ಇಂದು: -12 ಗಂಟೆ." ಭಾವ ನಕ್ಕು ನಕ್ಕು ಚಾ ಚೆಲ್ಲಿದರು. "ನೋಡು, ನೀನೇ ಆಸ್ಪತ್ರೆಗೆ 12 ಗಂಟೆ ಬಾಕಿ ಕೊಡಬೇಕು" ಅಂತ.

ಸರಿ ಮಾಡಿದ ಬಗೆ: ಗಂಟೆ ಮಾತ್ರ ಇಡುವುದು ಬಿಟ್ಟು, ತಾರೀಕು ಸೇರಿಸಿ ಶುರು-ಮುಗಿವು ಎರಡನ್ನೂ ಇಟ್ಟೆ. ನೈಟ್ ಯಾವ ತಾರೀಕಿನದು ಎಂಬ ಜಗಳ ಬೇರೆ ಇತ್ತು. ರೋಸ್ಟರ್‌ನಲ್ಲಿ 14ಕ್ಕೆ ಎನ್ ಅಂದರೆ 14ರ ರಾತ್ರಿ ಶುರು. ಆದರೆ 15ರ ಚೌಕವೂ ಅರ್ಧ ಹೋಗಿರುತ್ತದೆ. ಅದು ಖಾಲಿ ಕಂಡರೆ ಮನೆಯವರು 15ಕ್ಕೆ ರಜೆ ಅಂದುಕೊಂಡು ಮದುವೆಗೆ ಹೊರಡಿಸುತ್ತಾರೆ. ಈಗ 15ರ ಚೌಕದ ಎಡ ಅರ್ಧಕ್ಕೆ ಬೂದು ಬಣ್ಣ ಬರುತ್ತದೆ, "ಮಲಗುವ ಹೊತ್ತು" ಅಂತ. ಇದನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪ್‌ಗೆ ಕಳಿಸುತ್ತಾರೆ. ನಾನು ಯೋಚಿಸದೇ ಇದ್ದ ಉಪಯೋಗ, ಈಗ ಎಲ್ಲಕ್ಕಿಂತ ಜಾಸ್ತಿ ಬಳಕೆ ಇದರದ್ದೇ.

ಜುಲೈ 26ರಿಂದ ಆಗಸ್ಟ್ 3: ಅಲಾರಾಂ, ಅಕ್ಕನ ಮೌನ

ನೈಟ್ ಮುಗಿಸಿ ಮಲಗುವಾಗ "ಮಲಗ್ತೇನೆ" ಬಟನ್ ಒತ್ತಿದರೆ ಆರೂವರೆ ಗಂಟೆಗೆ ಅಲಾರಾಂ ಬರಬೇಕು. ನನ್ನ ಲ್ಯಾಪ್‌ಟಾಪ್ 8 ಜಿಬಿಯದ್ದು, ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗಿನ ನಕಲಿ ಫೋನ್) ತೆಗೆದರೆ ಫ್ಯಾನ್ ವಿಮಾನದ ಹಾಗೆ. ಅದಕ್ಕೇ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಫೋನ್ ತಂದಿದ್ದೆ, 4,800 ರೂಪಾಯಿ, ಆಂಡ್ರಾಯ್ಡ್ 11. ಹಳೇ ಫೋನ್‌ನಲ್ಲಿ ನಡೆದರೆ ಹೊಸತರಲ್ಲಿ ನಡೆಯದೇ ಇರುತ್ತದಾ ಅನ್ನುವ ಲೆಕ್ಕ. ಅದರಲ್ಲಿ ಹತ್ತಕ್ಕೆ ಹತ್ತು ಸಲ ಸರಿಯಾಗಿ ಹೊಡೆಯಿತು.

ಅಕ್ಕನ ಫೋನ್ ಆಂಡ್ರಾಯ್ಡ್ 14. ಲೆಕ್ಕ ಉಲ್ಟಾ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಿ ಪಡೆಯಬೇಕು. 14ರಲ್ಲಿ ಸರಿಯಾದ ನಿಮಿಷಕ್ಕೆ ಅಲಾರಾಂ ಹೊಡೆಸುವ ಅನುಮತಿ ಹೊಸ ಆ್ಯಪ್‌ಗಳಿಗೆ ತಾನಾಗಿ ಸಿಗುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಅದರ ಮೇಲೆ ಬ್ಯಾಟರಿ ಉಳಿಸುವ ಹೆಸರಲ್ಲಿ ಫೋನ್ ನನ್ನ ಆ್ಯಪ್ಅನ್ನು ಹಿಂದಿನಿಂದ ಮುಚ್ಚಿಬಿಡುತ್ತಿತ್ತು.

ಜುಲೈ 30. ಅಕ್ಕ 11ಕ್ಕೆ ಮಲಗಿದಳು. 5:30ಕ್ಕೆ ಹೊಡೆಯಬೇಕಾದ್ದು ಹೊಡೆಯಲಿಲ್ಲ. ತಾನಾಗಿ ಎಚ್ಚರ ಆದಾಗ 7:10. ಮುಲುಂಡ್ ತಲುಪಿದ್ದು 8:35ಕ್ಕೆ. ಅಷ್ಟೊತ್ತು ಹಿಂದಿನ ಡ್ಯೂಟಿಯ ಸಿಸ್ಟರ್ ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರಂತೆ. ಒತ್ತಡ ಇಳಿಸುವ ಆ್ಯಪ್! ಎರಡು ದಿನ ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಊಟ ಬಡಿಸಿದಳು, ಮಾತಾಡಲಿಲ್ಲ.

ಪರಿಹಾರ ಸಿಕ್ಕಾಗ ಹಣೆ ಚಚ್ಚಿಕೊಂಡೆ. ಅಲಾರಾಂ ನಾನು ಹೊಡೆಸುವುದೇ ಬೇಡ. ಫೋನ್‌ನದೇ ಗಡಿಯಾರದ ಆ್ಯಪ್‌ಗೆ "5:30ಕ್ಕೆ ಇಡು" ಅಂತ ಹೇಳಿ ಕೊಟ್ಟರಾಯ್ತು. ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಅನುಮತಿಗಳನ್ನು ಬರೆದಿಡುವ ಫೈಲ್) ಒಂದು ಸಾಲು, ಡಾರ್ಟ್‌ನಲ್ಲಿ (ಫ್ಲಟರ್‌ನ ಕೋಡ್ ಭಾಷೆ) ಹತ್ತು ಸಾಲು. ಅಕ್ಕನ ಫೋನ್‌ನಲ್ಲಿ ಅಂದಿನಿಂದ ತಪ್ಪಿಲ್ಲ. ಆದರೂ ಅವಳು ಪಕ್ಕದಲ್ಲಿ ಸ್ಟೀಲ್ ಗಡಿಯಾರವನ್ನೂ ಇಟ್ಟುಕೊಳ್ಳುತ್ತಾಳೆ. ಕೇಳಿದರೆ "ಇರ್ಲಿ" ಅನ್ನುತ್ತಾಳೆ.

ಆಗಸ್ಟ್ 9ರಿಂದ 24: ಓವರ್

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅಕ್ಕ ಮಲಗಿದವಳು ಎದ್ದು ಬಂದು ಮತ್ತೆ ವಾರ್ಡ್‌ಗೆ ಫೋನ್ ಮಾಡಿದಳು. ಆಗ ತಲೆಗೆ ಹೋಯಿತು. ಶುರುವಿನ ಕೀಲಿಯ ಕೆಲಸವನ್ನೇ ನಾನು ಮಾಡಿಲ್ಲ. ಚೀಟಿ ಆಸ್ಪತ್ರೆಯಲ್ಲೇ ಚೂರಾಗುತ್ತದೆ, ತಲೆಯೊಳಗಿನ ಚೀಟಿ ಮನೆಗೆ ಬರುತ್ತದೆ.

ಪಟ್ಟಿ ಮಾಡಿದೆ. ಲಾಕರ್ ಹತ್ತಿರ ನಿಂತು ಒತ್ತುವುದು. ಪೇಷಂಟ್‌ನ ಹೆಸರಿಲ್ಲ, ಬೆಡ್ ನಂಬರಿಲ್ಲ, ಬರೆಯುವ ಜಾಗವೇ ಇಲ್ಲ. ಮೊದಲು 14 ಸಾಲು ಇತ್ತು. ಯಾರೂ ಆರನೇ ಸಾಲು ದಾಟಲಿಲ್ಲ. ಈಗ ಐದು:

ಕೀಲಿ ಕೊಟ್ಟೆ.
ಓವರ್ ಕೊಟ್ಟೆ.
ಚಾರ್ಟ್‌ಗೆ ಸಹಿ ಹಾಕಿದೆ.
ಡ್ರಿಪ್, ಪಂಪ್ ಒಮ್ಮೆ ನೋಡಿದೆ.
ಬಾಕಿ ರಿಪೋರ್ಟ್ ಹೇಳಿದೆ.

ಬೇಕಾದವರು ತಮ್ಮದೇ ಎರಡು ಸಾಲು ಸೇರಿಸಬಹುದು. ಎಲ್ಲ ಒತ್ತಿದರೆ "8:42ಕ್ಕೆ ಒಪ್ಪಿಸಿ ಆಯ್ತು" ಅಂತ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಎಚ್ಚರ ಆಗಿ ಅನುಮಾನ ಬಂದರೆ ತೆಗೆದು ನೋಡುವುದು, ಮತ್ತೆ ಮಲಗುವುದು.

ಕೇಳಲು ಚಂದ. ಒಂದು ವಾರ ಆದ ಮೇಲೆ ಅಕ್ಕ ಮತ್ತೆ ವಾರ್ಡ್‌ಗೆ ಫೋನ್ ಮಾಡಿದಳು! ಆ್ಯಪ್ ನೋಡಿದರೆ ಐದಕ್ಕೂ ಟಿಕ್ ಇತ್ತು. "ಟಿಕ್ ಉಂಟು, ಆದರೆ ಒತ್ತುವಾಗ ನಾನು ನೋಡಿಯೇ ಇಲ್ಲ. ಬಡಬಡ ಒತ್ತಿ ಓಡಿದೆ, 8:50ರ ಲೋಕಲ್‌ಗೆ." ಆ್ಯಪ್ ಬರೆದಿಟ್ಟ ಲಾಗ್ (ಸಮಯದ ದಾಖಲೆ) ತೆಗೆದರೆ ಐದು ಟಿಕ್‌ಗೆ ಒಟ್ಟು 1.4 ಸೆಕೆಂಡ್.

ಅಭ್ಯಾಸದ ಮೇಲೆ ಹಾಕಿದ ಟಿಕ್ ಅನ್ನು ಹಾಕಿದವಳೇ ನಂಬುವುದಿಲ್ಲ. ಹಾಗಾಗಿ ಒತ್ತಿ ಹಿಡಿಯುವ ಹಾಗೆ ಮಾಡಿದೆ. ಬೆರಳು ಇಟ್ಟರೆ ಸಾಲಿನ ಹಿಂದೆ ಬಣ್ಣ ಎಡದಿಂದ ಬಲಕ್ಕೆ ತುಂಬುತ್ತದೆ, ತುಂಬಿದ ಮೇಲೆ ಸಣ್ಣದಾಗಿ ಒಮ್ಮೆ ನಡುಗುತ್ತದೆ. 2 ಸೆಕೆಂಡ್ ಇಟ್ಟೆ, ಬೈದರು. ಅರ್ಧ ಸೆಕೆಂಡ್ ಇಟ್ಟೆ, ಮತ್ತೆ ಬಡಬಡ. 1.2 ಸೆಕೆಂಡ್‌ಗೆ ನಿಂತಿತು. ಐದಕ್ಕೂ ಸೇರಿ ಏಳೆಂಟು ಸೆಕೆಂಡ್. ಅಕ್ಕ ಹೇಳಿದ್ದು: "ಬಣ್ಣ ತುಂಬುವಷ್ಟರಲ್ಲಿ ಕೀಲಿ ಕೊಟ್ಟ ಕೈ ಕಣ್ಣಿಗೆ ಬರ್ತದೆ." ಆ ಸ್ಕ್ರೀನ್ ಈಗ ಆ್ಯಪ್‌ನ ಮೊದಲ ಪುಟ. ಆ್ಯಪ್‌ನ ಹೆಸರೂ ಅದೇ, 'ಓವರ್'.

ನಡುವೆ ಆಗಸ್ಟ್ 19 ಬಂತು. ಹಿಂದಿನ ದಿನದಿಂದಲೇ ಮಳೆ, ಹಳಿ ಮೇಲೆ ನೀರು, ಲೋಕಲ್ ನಿಂತವು. ಮುಂದಿನ ಡ್ಯೂಟಿಯವರು ಬರಲಾಗದೆ ಅಕ್ಕ ಡಬಲ್ ಮಾಡಿದಳು. ನನ್ನ ಕ್ಯಾಲೆಂಡರ್‌ಗೆ ಡಬಲ್ ಅನ್ನುವುದೇ ಗೊತ್ತಿರಲಿಲ್ಲ, ಒಂದು ಚೌಕಕ್ಕೆ ಒಂದೇ ಅಕ್ಷರ. ಮುಂಬಯಿಯಲ್ಲಿ ಜೂನ್‌ನಲ್ಲಿ ಶುರು ಮಾಡಿ ಮಳೆಗಾಲದ ಡ್ಯೂಟಿ ನೆನಪಾಗದವನು ನಾನೊಬ್ಬನೇ ಇರಬೇಕು. ಈಗ ಚೌಕ ಒತ್ತಿ ಹಿಡಿದರೆ ಎರಡು ಡ್ಯೂಟಿ ಹಾಕಬಹುದು.

ಆಗಸ್ಟ್ 25ರಿಂದ 31: ಉಸಿರು

ಇದನ್ನು ಬೇಗ ಹೇಳಿಬಿಡುತ್ತೇನೆ. 4 ಸೆಕೆಂಡ್ ಎಳೆದು, 7 ಹಿಡಿದು, 8 ಬಿಡುವ ಕ್ರಮ ಹಾಕಿದ್ದೆ. ಸ್ಟೇಷನ್‌ನ ಬ್ರಿಡ್ಜ್ ಹತ್ತಿ ಇಳಿದು ಓಡಿ ಬಂದವರಿಗೆ 7 ಸೆಕೆಂಡ್ ಉಸಿರು ಹಿಡಿ ಅಂದರೆ ಕೆಮ್ಮು ಬಂತು. 5 ಎಳೆದು 5 ಬಿಡುವುದಕ್ಕೆ ಇಳಿಸಿದೆ, ನಿಮಿಷಕ್ಕೆ ಆರು ಉಸಿರು, ಮೂರು ನಿಮಿಷ. ಹಿಡಿಯುವುದು ಇಲ್ಲ.

ಕಣ್ಣು ಮುಚ್ಚಿ ಮಾಡಲಿ ಅಂತ ಸದ್ದಿನ ಬದಲು ಫೋನ್ ನಡುಗುವ ಹಾಗೆ ಮಾಡಿದೆ. ಮನೆಯಲ್ಲಿ ಸೊಗಸಾಗಿತ್ತು. ಮುಲುಂಡ್‌ನಿಂದ ಸ್ಲೋ ಲೋಕಲ್ ಹತ್ತಿದೆ. ಠಾಣೆ, ಕಳವಾ, ಮುಂಬ್ರಾ, ದಿವಾ ದಾಟಿ ಕೋಪರ್‌ವರೆಗೂ ಒಂದು ನಡುಕವೂ ಗೊತ್ತಾಗಲಿಲ್ಲ. ಬೋಗಿಯೇ ನಡುಗುತ್ತಿರುವಾಗ 40 ಮಿಲಿಸೆಕೆಂಡ್ ಯಾರಿಗೆ ಗೊತ್ತಾಗುತ್ತದೆ? 120 ಇಟ್ಟೆ, ಊಹೂಂ. 400 ಇಟ್ಟರೆ ಯಾರೋ ಫೋನ್ ಮಾಡಿದ ಹಾಗೆ, ಎಲ್ಲರೂ ಜೇಬು ಮುಟ್ಟಿಕೊಂಡರು. ಅಲ್ಲದೆ ನಿಂತವರ ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಎದೆಗೆ ತಬ್ಬಿದ ಚೀಲದ ಮೇಲೆ. ಫೋನ್ ಹಿಡಿಯಲು ಮೂರನೇ ಕೈ ಬೇಕು. ಕೊನೆಗೆ ಮಂದ ಬೆಳಕಿನ ಒಂದು ವೃತ್ತ ದೊಡ್ಡದಾಗಿ ಚಿಕ್ಕದಾಗುವ ಹಾಗೆ ಇಟ್ಟು ಬಿಟ್ಟೆ. ಅಕ್ಕ ಬಳಸುವುದಿಲ್ಲ. ಇಬ್ಬರು ಬಳಸುತ್ತಾರೆ, ಡ್ಯೂಟಿಗೆ ಮೊದಲು ಡ್ರೆಸ್ಸಿಂಗ್ ರೂಮ್‌ನಲ್ಲಿ.

ಸೆಪ್ಟೆಂಬರ್ 6, 7: "ಇದು ಮೇಡಮ್‌ಗ ಕಾಣಸ್ತದೇನ್ರಿ?"

ಹೀಗೆ ಕೇಳಿದ್ದು ಕಲಬುರಗಿಯ ಸಿಸ್ಟರ್. ಮೇಡಮ್ ಅಂದರೆ ವಾರ್ಡ್‌ನ ಇನ್‌ಚಾರ್ಜ್. ಅವರಿಗೆ ಕಾಣಿಸುವುದಾದರೆ ಯಾರೂ ಮುಟ್ಟುವುದಿಲ್ಲ. ಲಾಗಿನ್ ಇಲ್ಲ, ಇಂಟರ್ನೆಟ್ ಇಲ್ಲ, ಎಲ್ಲ ಫೋನ್‌ನಲ್ಲೇ ಅಂತ ಎದೆ ತಟ್ಟಿ ಹೇಳಿದೆ. ಆ ರಾತ್ರಿ ನಿಜವಾ ಅಂತ ನೋಡಿದರೆ ಅರ್ಧ ಸುಳ್ಳು. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳ ಮಾಹಿತಿ ತಾನಾಗಿ ಬಳಕೆದಾರರ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಆಗುವುದು ಮೊದಲಿಂದಲೇ ಆನ್ ಇರುತ್ತದೆ. ಮ್ಯಾನಿಫೆಸ್ಟ್‌ನಲ್ಲಿ ಆಫ್ ಮಾಡಿದೆ. ಮರುದಿನ ಹೋಗಿ ನಿನ್ನೆ ಹೇಳಿದ್ದು ತಪ್ಪು, ಇವತ್ತಿನಿಂದ ನಿಜ ಅಂತ ಹೇಳಿ ಬಂದೆ.

ಇಂಟರ್ನೆಟ್ ಅನುಮತಿ ಇಲ್ಲದ್ದರಿಂದ ಇನ್ನೊಂದು ಎಡವಟ್ಟು. ಟೆಸ್ಟ್ ಬಿಲ್ಡ್‌ನಲ್ಲಿ ಕನ್ನಡ ಫಾಂಟ್ ಚಂದ ಕಾಣುತ್ತಿತ್ತು. ಜನರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಮಾಯ. ಎರಡು ಸಂಜೆ ಹುಡುಕಿದೆ. ನಾನು ಹಾಕಿದ್ದ ಪ್ಯಾಕೇಜ್ ಫಾಂಟ್ಅನ್ನು ನೆಟ್‌ನಿಂದ ತರುವಂಥದ್ದು. ಫ್ಲಟರ್‌ನ ಡೀಬಗ್ (ಟೆಸ್ಟ್) ಬಿಲ್ಡ್‌ಗೆ ನೆಟ್ ಅನುಮತಿ ಇರುತ್ತದೆ, ರಿಲೀಸ್‌ಗೆ ನಾವೇ ಬರೆಯದಿದ್ದರೆ ಇರುವುದಿಲ್ಲ. ನೋಟೋ ಸಾನ್ಸ್ ಕನ್ನಡದ ಫೈಲ್ಅನ್ನೇ ಆ್ಯಪ್ ಒಳಗೆ ಇಟ್ಟೆ. ಆಗ ಬಟನ್ ಮೇಲಿನ "ರಾತ್ರಿ" ಹೋಗಿ "ರಾತಿ" ಆಯಿತು. ಸಾಲಿನ ಎತ್ತರ 1.0 ಇಟ್ಟಿದ್ದೆ, ಇಂಗ್ಲಿಷ್‌ಗೆ ಸಾಕು, ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. 1.5ಕ್ಕೆ ಸರಿಯಾಯಿತು. ಆ್ಯಪ್ ಮರಾಠಿ, ಮಲಯಾಳಂನಲ್ಲೂ ಉಂಟು. ಮರಾಠಿಗೆ ತೊಂದರೆ ಆಗಲಿಲ್ಲ. ಮಲಯಾಳಂನಲ್ಲಿ "ಒಪ್ಪಿಸಿ ಆಯ್ತು" ಎರಡು ಸಾಲು ಹಿಡಿಯಿತು, ಬಟನ್ಅನ್ನೇ ಎತ್ತರ ಮಾಡಿದೆ.

ಆ್ಯಪ್‌ನ ಬೀಗಕ್ಕೆ ಬೆರಳಚ್ಚು ಹಾಕಿದ್ದೆ. ನನ್ನ ಬೆರಳಿಗೆ ತೆರೆಯಿತು, ಅಕ್ಕನ ಬೆರಳಿಗೆ ತೆರೆಯಲಿಲ್ಲ. ಬೇರೆ ಬೆರಳು, ಅದೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. ತುದಿಯಲ್ಲಿ ಗೆರೆಗಳೇ ಇಲ್ಲದ ಹಾಗೆ ನುಣುಪು, ಉಗುರಿನ ಬದಿಯಲ್ಲಿ ಬಿಳಿ ಸೀಳು. ಪೇಷಂಟ್ ಮುಟ್ಟುವ ಮೊದಲು ಒಮ್ಮೆ ಸ್ಯಾನಿಟೈಸರ್, ಮುಟ್ಟಿದ ಮೇಲೆ ಒಮ್ಮೆ, ದಿನಕ್ಕೆ ಎಷ್ಟು ಸಲವೋ. "ಆಧಾರ್‌ಗೂ ಹೀಗೇ ಆಗಿತ್ತು" ಅಂದಳು. ಒಂದೇ ಮನೆಯಲ್ಲಿ ಇದ್ದು ನಾನು ಅವಳ ಬೆರಳನ್ನು ಅವತ್ತೇ ನೋಡಿದ್ದು. ಬೆರಳಚ್ಚು ತೆಗೆದು ನಾಲ್ಕು ಅಂಕಿಯ ಪಿನ್ ಇಟ್ಟೆ.

ಕೊನೆಯ ಪುಟದಲ್ಲಿ ಒಂದೇ ಬಟನ್, ಟೆಲಿ ಮಾನಸ್, 14416. ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ, ಅಕ್ಟೋಬರ್ 2022ರಿಂದ ಇದೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲು ಒತ್ತಿದ ಕೂಡಲೇ ಕರೆ ಹೋಗುವಂತೆ ಮಾಡಿದ್ದೆ. ಅದಕ್ಕೆ ಫೋನ್ ಮಾಡುವ ಅನುಮತಿ ಕೇಳಬೇಕು, ಕೇಳಿದ ಕೂಡಲೇ ಎಲ್ಲರಿಗೂ ಹೆದರಿಕೆ. ಈಗ ನಂಬರ್ ಮಾತ್ರ ಡಯಲರ್‌ನಲ್ಲಿ ಬಂದು ಕೂರುತ್ತದೆ, ಹಸಿರು ಬಟನ್ ಅವರೇ ಒತ್ತಬೇಕು. ಅನುಮತಿ ಬೇಕಿಲ್ಲ.

ಸೆಪ್ಟೆಂಬರ್ 14ರಿಂದ ಅಕ್ಟೋಬರ್ 9: ಹನ್ನೆರಡು ಜನ

ಹೊಸ ವೈಯಕ್ತಿಕ ಖಾತೆಯಿಂದ ಪ್ಲೇ ಸ್ಟೋರ್‌ಗೆ ಆ್ಯಪ್ ಬಿಡಬೇಕಾದರೆ ಕನಿಷ್ಠ 12 ಜನ ಟೆಸ್ಟರ್‌ಗಳು ಸತತ 14 ದಿನ ಸೇರಿಕೊಂಡಿರಬೇಕು. ಮೊದಲು 20 ಇತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಅಕ್ಕನ ವಾರ್ಡ್‌ನಿಂದ ಎಂಟು ಜನ ಸಿಕ್ಕರು. ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ನಾಟಕಕ್ಕೆ ಹೋದಾಗ ಪಕ್ಕದ ಸೀಟಿನವರು ಸಯನ್ ಕಡೆಯ ನರ್ಸ್ ಅಂತ ಗೊತ್ತಾಗಿ, ಅವರೂ ಅವರ ಗೆಳತಿಯೂ ಸೇರಿದರು. ಉಳಿದ ಇಬ್ಬರು ಅಕ್ಕನ ಕೋರ್ಸ್‌ಮೇಟ್‌ಗಳು. ಸರಿಯಾಗಿ 12. ಒಬ್ಬರೂ ಜಾಸ್ತಿ ಇಲ್ಲ. ಅದೇ ತಪ್ಪು.

ಒಂಬತ್ತನೇ ದಿನ ಒಬ್ಬರು ಫೋನ್ ಬದಲಿಸಿ, ಹಳೆಯದು ಮಗನಿಗೆ ಕೊಡುವ ಮೊದಲು ಎಲ್ಲದರಿಂದ ಹೊರಬಂದರು. 11 ಆಯಿತು. ಸೆಪ್ಟೆಂಬರ್ 24ಕ್ಕೆ ಹೊಸಬರೊಬ್ಬರು ಸಿಕ್ಕರು, ಅವರ 14 ದಿನ ಮತ್ತೆ ಒಂದರಿಂದ. ಯಾರಾದರೂ ಇದನ್ನು ಮಾಡುವವರಿದ್ದರೆ 16 ಜನರನ್ನು ಹಿಡಿದುಕೊಳ್ಳಿ.

ಬಳಕೆಯನ್ನು ಎಣಿಸಿ ನನಗೆ ಕಳಿಸುವ ಅನಾಲಿಟಿಕ್ಸ್ ಇಲ್ಲವಾದ್ದರಿಂದ ಬಳಕೆ ಎಷ್ಟು ಅಂತ ನನಗೆ ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಎಣಿಕೆ ಇಟ್ಟಿದ್ದೇನೆ, ಭಾನುವಾರ ಫೋನ್ ಮಾಡಿ ಕೇಳಿದರೆ ಓದಿ ಹೇಳುತ್ತಾರೆ, ಇಷ್ಟ ಇದ್ದರೆ. ಕಳೆದ ವಾರ ಏಳು ಜನ ಹೇಳಿದರು. ಅವರಲ್ಲಿ ಐವರು ಓವರ್ ಪುಟವನ್ನು ಪ್ರತಿ ಡ್ಯೂಟಿಗೂ ಒತ್ತಿದ್ದಾರೆ. ಉಸಿರಾಟ ಒಟ್ಟು ಆರು ಸಲ. ಅಕ್ಕ ಮನೆಗೆ ಬಂದು ವಾರ್ಡ್‌ಗೆ ಫೋನ್ ಮಾಡಿದ್ದು ಸೆಪ್ಟೆಂಬರ್‌ನಲ್ಲಿ ಎರಡು ಸಲ. ಜೂನ್‌ನಲ್ಲಿ ನಾನು ಎಣಿಸಿರಲಿಲ್ಲ, ಭಾವನ ಪ್ರಕಾರ ವಾರಕ್ಕೆ ಮೂರು ನಾಲ್ಕು.

ಖರ್ಚು

ಫೋನ್ 4,800. ಪ್ಲೇ ಖಾತೆಗೆ ಒಮ್ಮೆ ಮಾತ್ರ 25 ಡಾಲರ್, ಕಾರ್ಡ್ ಚಾರ್ಜ್ ಸೇರಿ 2,230 ಬಿತ್ತು. ಕೇಬಲ್ 180. ಮಲಯಾಳಂಗೆ ಅನುವಾದ ಮಾಡಿಕೊಟ್ಟ ಸಿಸ್ಟರ್ ದುಡ್ಡು ಬೇಡ ಅಂದರು, ಇಬ್ಬರಿಗೆ ಬಿರಿಯಾನಿ 640. ಒಟ್ಟು 7,850 ರೂಪಾಯಿ. ನೀರ್ ದೋಸೆಯ ಲೆಕ್ಕ ಅಕ್ಕನ ಹತ್ತಿರ. ಸಂಜೆಗಳನ್ನು ಎಣಿಸಿದರೆ 80 ದಾಟುತ್ತದೆ, ಅದರಲ್ಲಿ ಬಿಸಾಡಿದ ಕೆಲಸಕ್ಕೇ ಅರ್ಧ.

ಬಾಕಿ ಇರುವುದು

ಸ್ಯಾನಿಟೈಸರ್ ಒಣಗದ ಬೆರಳಿನಲ್ಲಿ ಒತ್ತಿ ಹಿಡಿದರೆ ಬಣ್ಣ ಮಧ್ಯದಲ್ಲಿ ನಿಂತು ಹಿಂದಕ್ಕೆ ಹೋಗುತ್ತದೆ. ಪರದೆಗೆ ಬೆರಳು ಎತ್ತಿದ ಹಾಗೆ ಕಾಣುತ್ತದೋ ಏನೋ. ಬೆರಳು ತುಸು ಜಾರಿದರೂ 200 ಮಿಲಿಸೆಕೆಂಡ್ ತಾಳು ಅಂತ ಬರೆದು ನೋಡಿದ್ದೇನೆ, ಹತ್ತರಲ್ಲಿ ಏಳು ಸಲ ಸರಿ. ಡಬಲ್ ಡ್ಯೂಟಿ ಹಾಕಿದ ದಿನ "ಮಲಗುವ ಹೊತ್ತು" ಇನ್ನೂ ತಪ್ಪು ಚೌಕಕ್ಕೆ ಬರುತ್ತದೆ. ಐಫೋನ್ ಇರುವ ಇಬ್ಬರು ಕೇಳುತ್ತಿದ್ದಾರೆ. ನನ್ನ ಹತ್ತಿರ ಮ್ಯಾಕ್ ಇಲ್ಲ.

ಇದನ್ನು ಬರೆಯುತ್ತಿರುವಾಗಲೇ ಅಕ್ಕ ಡ್ಯೂಟಿ ಮುಗಿಸಿ ಬಂದಳು. ಸ್ವಂತ ಸಾಲು ಎರಡು ಸಾಲದಂತೆ, ಮೂರು ಬೇಕಂತೆ. ಎರಡರಲ್ಲಿ ಏನು ಬರೆದಿದ್ದೀ ಅಂತ ಕೇಳಿದೆ. ಫೋನ್ ಚಾಚಿ ತೋರಿಸಿದಳು: "ಕನ್ನಡಕ ತಗೊಂಡೆ", "ಟಿಫಿನ್ ಡಬ್ಬ ತಗೊಂಡೆ". ಡಬ್ಬ ಎಲ್ಲಿ ಅಂತ ಭಾವ ಕೇಳಿದರು. ಚೀಲ ನೋಡಿದಳು. ಡಬ್ಬ ಮುಲುಂಡ್‌ನಲ್ಲೇ ಉಳಿದಿದೆ. ಟಿಕ್ ಮಾತ್ರ ಹಾಕಿದ್ದಾಳೆ, 1.2 ಸೆಕೆಂಡ್ ಪೂರ್ತಿ ಒತ್ತಿ.